ಅಮೆರಿಕದ ಬಿಯರ್‌ಗೆ ‘ಇಂಡಿಯಾ’ ಎಂಬ ಹೆಸರೇಕೆ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಈಚೆಗೆ ಆರಿಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಒಂದು ಸಣ್ಣ ಬ್ರೂವರಿಗೆ ಕರೆದುಕೊಂಡು ಹೋದರು. ಗೋಡೆಯ ಹಲಗೆಯ ಮೇಲೆ ಇಪ್ಪತ್ತು ಬಗೆಯ ಬಿಯರ್‌ಗಳ ಪಟ್ಟಿಯಿತ್ತು. ಅವುಗಳಲ್ಲಿ ಎಂಟು ‘ಇಂಡಿಯಾ ಪೇಲ್ ಏಲ್’ ಬಗೆಯವೇ. ಒಂದನ್ನು ತರಿಸಿದರೆ ಕಿತ್ತಳೆ ರಸದಂತೆ ಮಬ್ಬಾಗಿತ್ತು. ಕೆಟ್ಟುಹೋಗಿದೆಯೆಂದು ನಾನು ವಾಪಸು ಕೊಟ್ಟೆ, ಅಳಿಯಂದಿರಿಗೆ ಮುಜುಗರವಾಯಿತು. ಅಮೆರಿಕದ ಬಿಯರ್ ನೀರಿನಂತೆ ತೆಳು ಎಂದು ನಾವು ಕೇಳುತ್ತ ಬಂದವರು. ಹಾಗಾದರೆ ಇಷ್ಟು ಬಗೆಗಳು ಎಲ್ಲಿಂದ ಬಂದವು? ಅವರ ಬಿಯರ್‌ಗೆ ನಮ್ಮ ದೇಶದ ಹೆಸರೇಕೆ? ನಾನು ಲೋಟ ವಾಪಸು ಕೊಟ್ಟದ್ದು ತಪ್ಪೇ?

ಉತ್ತರ: ಅಮೆರಿಕದ ಬಿಯರ್ ತೆಳು ಎಂದು ನೀವು ಕೇಳಿದ್ದು ಸುಳ್ಳಲ್ಲ, ಹಲಗೆಯ ಮೇಲೆ ನೀವು ಕಂಡ ಇಪ್ಪತ್ತು ಹೆಸರುಗಳೂ ಸುಳ್ಳಲ್ಲ. ಒಂದೇ ದೇಶ ನೂರೈವತ್ತು ವರ್ಷಗಳಲ್ಲಿ ಈ ಎರಡು ತುದಿಗಳನ್ನೂ ಮುಟ್ಟಿದ್ದಕ್ಕೆ ಅಲ್ಲಿನವರ ನಾಲಿಗೆಯ ರುಚಿಯಷ್ಟೇ ಕಾರಣವಲ್ಲ. ಅಲ್ಲಿ ಬೆಳೆಯುವ ಬಾರ್ಲಿಯ ಜಾತಿ, ಸರೋವರದ ಮಂಜುಗಡ್ಡೆ, ಪೀಪಾಯಿಗೆ ಇಷ್ಟೆಂದು ವಿಧಿಸಿದ ಸುಂಕ ಮತ್ತು ಕಾಲಕಾಲಕ್ಕೆ ಬಂದ ಕಾಯಿದೆಗಳು ಸೇರಿಯೇ ಅಲ್ಲಿನ ಬಿಯರ್ ಹೇಗಿರಬೇಕೆಂಬುದನ್ನು ಬಹುಪಾಲು ತೀರ್ಮಾನಿಸಿದವು. ಮೂವತ್ತು ವರ್ಷ ಬ್ರೂವರಿಯ ಪ್ರಯೋಗಾಲಯದಲ್ಲಿ ಕಳೆದವನಾಗಿ ನನಗೆ ಹಾಗೆ ತೋರುತ್ತದೆ.

ಮೊದಲು ಪದಾರ್ಥಗಳ ವಿಷಯ. ಬಿಯರ್‌ಗೆ ಬೇಕಾದವು ನಾಲ್ಕೇ: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಲ್ಟ್ ಮಾಡುವುದಿಲ್ಲವೇ, ಬಾರ್ಲಿಗೂ ಅದೇ ಸಂಸ್ಕಾರ. ಹುರಿದಷ್ಟೂ ಬಿಯರ್‌ನ ಬಣ್ಣ ಗಾಢವಾಗುತ್ತದೆ. ಹಾಪ್ಸ್ ಎಂಬುದು ಬಳ್ಳಿಯಲ್ಲಿ ಬಿಡುವ ಹಸಿರು ಹೂಗೊಂಚಲು. ಕಹಿ ಮತ್ತು ಪರಿಮಳ ಬರುವುದು ಅದರಿಂದ. ಉಳಿದದ್ದೆಲ್ಲ ಯೀಸ್ಟ್‌ನ ಕೆಲಸ. ಬೇಸಿಗೆಯಲ್ಲಿ ದೋಸೆ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಉಕ್ಕುತ್ತದೆ, ಡಿಸೆಂಬರಿನ ಚಳಿಯಲ್ಲಿ ಮಧ್ಯಾಹ್ನವಾದರೂ ಏಳುವುದಿಲ್ಲ. ಬಿಯರ್‌ನ ಎರಡು ದೊಡ್ಡ ಕುಲಗಳನ್ನು ಬೇರ್ಪಡಿಸುವುದೂ ಉಷ್ಣಾಂಶವೇ. ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಹುದುಗಿ ಹಣ್ಣಿನ ವಾಸನೆ ಬಿಡುವ ಯೀಸ್ಟ್‌ನಿಂದ ಏಲ್ ಆಗುತ್ತದೆ. 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗಿನ ನೆಲಮಾಳಿಗೆಯಲ್ಲಿ ಮಾಗುವ ಬಿಯರ್ ಲಾಗರ್. ‘ಲಾಗರ್’ ಎಂಬ ಜರ್ಮನ್ ಪದಕ್ಕೆ ದಾಸ್ತಾನು ಎಂದೇ ಅರ್ಥ.

ಅಮೆರಿಕಕ್ಕೆ ಮೊದಲು ಹೋದದ್ದು ಇಂಗ್ಲಿಷರ ಏಲ್. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದವರು ಪ್ಲಿಮತ್‌ನಲ್ಲಿ ನೆಲೆನಿಲ್ಲಲು ಆತುರಪಟ್ಟದ್ದಕ್ಕೆ ತಮ್ಮ ಆಹಾರ, ಅದರಲ್ಲೂ ಬಿಯರ್, ಮುಗಿಯುತ್ತ ಬಂದದ್ದೂ ಒಂದು ಕಾರಣವೆಂದು ತಾವೇ ಬರೆದಿಟ್ಟಿದ್ದಾರೆ. ಬಾರ್ಲಿ ಸಾಲದ ವಸಾಹತುಗಳಲ್ಲಿ ಜನ ಕಾಕಂಬಿ, ಕುಂಬಳಕಾಯಿ, ಸ್ಪ್ರೂಸ್ ಮರದ ಚಿಗುರು, ಹೀಗೆ ಸಿಕ್ಕಿದ್ದನ್ನು ಹುದುಗಿಸಿದರು. ಜಾರ್ಜ್ ವಾಷಿಂಗ್ಟನ್ ಯುವ ಸೇನಾಧಿಕಾರಿಯಾಗಿದ್ದಾಗ, 1757ರಲ್ಲಿ, ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೋಧಿ ತೌಡು, ಹಾಪ್ಸ್ ಮತ್ತು ಕಾಕಂಬಿಯಿಂದ ಲಘು ಬಿಯರ್ ಮಾಡುವ ಕ್ರಮವನ್ನು ಬರೆದುಕೊಂಡಿದ್ದಾನೆ. ಈ ಕಾಲದ ರುಚಿಗಳಲ್ಲಿ ಇಂದು ಉಳಿದಿರುವುದು ಬಹಳ ಕಡಿಮೆ. ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಮಾರುವ ‘ಪಂಪ್‌ಕಿನ್ ಏಲ್’ ಹೆಸರಿಗೆ ಹಳೆಯದಾದರೂ ಅದರಲ್ಲಿ ಎದ್ದು ಕಾಣುವುದು ಕುಂಬಳಕ್ಕಿಂತ ದಾಲ್ಚಿನ್ನಿ, ಲವಂಗ, ಜಾಯಿಕಾಯಿಗಳ ಘಮ.

ದೊಡ್ಡ ಬದಲಾವಣೆ ಬಂದದ್ದು 1840ರ ನಂತರ, ಜರ್ಮನ್ ವಲಸಿಗರೊಂದಿಗೆ. ಜಾನ್ ವ್ಯಾಗ್ನರ್ ಎಂಬಾತ 1840ರಲ್ಲಿ ಫಿಲಡೆಲ್ಫಿಯಾದ ತನ್ನ ಮನೆಯ ಹಿತ್ತಲಲ್ಲಿ ಲಾಗರ್ ಮಾಡಿದ್ದು ಆ ದೇಶದ ಮೊದಲ ಲಾಗರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಲಾಗರ್‌ಗೆ ತಂಪು ಬೇಕಷ್ಟೆ. ಯಂತ್ರದ ಶೈತ್ಯ ಇನ್ನೂ ಬಂದಿರದ ಆ ಕಾಲದಲ್ಲಿ ಚಳಿಗಾಲದ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ನೆಲಮಾಳಿಗೆಯಲ್ಲಿ ತುಂಬಿಟ್ಟುಕೊಳ್ಳಬೇಕಾಗಿತ್ತು. ಮಿಷಿಗನ್ ಸರೋವರದ ದಂಡೆಯ ಮಿಲ್ವಾಕಿ ನಗರ ಬಿಯರ್‌ನ ರಾಜಧಾನಿಯಾದದ್ದರಲ್ಲಿ ಈ ಮಂಜುಗಡ್ಡೆಯ ಪಾಲು ದೊಡ್ಡದು. ಪ್ಯಾಬ್ಸ್ಟ್, ಶ್ಲಿಟ್ಸ್, ಬ್ಲಾಟ್ಸ್, ಮಿಲ್ಲರ್ ಎಲ್ಲರೂ ಅಲ್ಲಿಯವರೇ. ಸೇಂಟ್ ಲೂಯಿಸ್ ಊರಿನ ಕೆಳಗೆ ಸುಣ್ಣಕಲ್ಲಿನ ಸಹಜ ಗುಹೆಗಳಿದ್ದವು. ಅಲ್ಲಿನ ಬ್ರೂವರಿಗಳಿಗೆ ಅವೇ ನೆಲಮಾಳಿಗೆ. ಅದೇ ಊರಿನ ಅಡಾಲ್ಫಸ್ ಬುಷ್ 1876ರಲ್ಲಿ ಬಡ್‌ವೈಸರ್ ಅನ್ನು ಹೊರತಂದು, ಪಾಶ್ಚರೀಕರಣ ಮತ್ತು ಮಂಜುಗಡ್ಡೆ ತುಂಬಿದ ರೈಲು ಬೋಗಿಗಳ ನೆರವಿನಿಂದ ದೂರದೂರದ ರಾಜ್ಯಗಳಿಗೆ ಮಾರಿದ.

ನೀವು ಹೇಳುವ ‘ತೆಳು’ ಹುಟ್ಟಿದ್ದು ಇಲ್ಲಿಯೇ, ಅದೂ ಮೋಸದಿಂದಲ್ಲ. ಅಮೆರಿಕದಲ್ಲಿ ಹೇರಳವಾಗಿ ಬೆಳೆಯುತ್ತಿದ್ದುದು ಆರು ಸಾಲಿನ ತೆನೆಯ ಬಾರ್ಲಿ. ಯುರೋಪಿನ ಎರಡು ಸಾಲಿನ ಬಾರ್ಲಿಗಿಂತ ಅದರಲ್ಲಿ ಪ್ರೋಟೀನು ಹೆಚ್ಚು. ಅದೊಂದರಿಂದಲೇ ಲಾಗರ್ ಮಾಡಿದರೆ ತಣ್ಣಗಾದಾಗ ಮಬ್ಬಾಗುತ್ತಿತ್ತು, ಕುಡಿಯಲು ಭಾರವೆನಿಸುತ್ತಿತ್ತು. ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ 1842ರಲ್ಲಿ ಹುಟ್ಟಿದ ಹೊನ್ನಿನ ಬಣ್ಣದ, ಗಾಜಿನಷ್ಟು ತಿಳಿಯಾದ ಬಿಯರ್ ಆಗ ಎಲ್ಲರಿಗೂ ಬೇಕಾಗಿತ್ತು. ಆ ತಿಳಿಯನ್ನು ಪಡೆಯಲು, ಬೊಹೀಮಿಯಾದಿಂದಲೇ ಬಂದ ಆಂಟನ್ ಶ್ವಾರ್ಟ್ಸ್ ಎಂಬ ರಸಾಯನ ತಜ್ಞನ ಬರಹಗಳಿಂದ ಪ್ರೇರಿತರಾಗಿ, ಅಮೆರಿಕದ ಬ್ರೂವರಿಗಳು ಮಾಲ್ಟ್‌ನ ಜೊತೆಗೆ ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಬೇಯಿಸಿ ಬೆರೆಸತೊಡಗಿದವು. ಅವುಗಳಲ್ಲಿ ಪಿಷ್ಟ ಹೆಚ್ಚು, ಕರಗುವ ಪ್ರೋಟೀನು ಅತ್ಯಲ್ಪ. ಆರು ಸಾಲಿನ ಬಾರ್ಲಿಯ ಕಿಣ್ವಗಳಾದರೋ ತನ್ನ ಪಿಷ್ಟದ ಜೊತೆಗೆ ಪಕ್ಕದ ಧಾನ್ಯದ ಪಿಷ್ಟವನ್ನೂ ಸಕ್ಕರೆಯಾಗಿಸುವಷ್ಟು ಪ್ರಬಲ. ಹೀಗೆ ಅಕ್ಕಿ ಸೇರಿದ್ದು ಮೊದಲಿಗೆ ಕುಶಲತೆಯಾಗಿತ್ತು, ಅಗ್ಗದ ಕಲಬೆರಕೆಯಾಗಿರಲಿಲ್ಲ. ಅದು ಉಳಿತಾಯದ ಉಪಾಯವಾದದ್ದು ಬಹಳ ಆಮೇಲೆ. ಈ ವ್ಯತ್ಯಾಸವನ್ನು ಮರೆತು ಹಳೆಯ ಬ್ರೂವರ್‌ಗಳನ್ನೆಲ್ಲ ಜರೆಯುವ, ಸಣ್ಣ ಬ್ರೂವರಿಗಳ ‘ಕ್ರಾಫ್ಟ್’ ಬಿಯರ್‌ನ ಅಭಿಮಾನಿಗಳ ಮಾತು ನನಗೆ ಹಿಡಿಸುವುದಿಲ್ಲ.

ಸುಂಕದ ಕಥೆಯೂ ಇದರ ಜೊತೆಗೇ ನಡೆಯಿತು. 1855ರಲ್ಲಿ ಷಿಕಾಗೊದ ಮೇಯರ್ ಲೀವೈ ಬೂನ್ ಪಾನಗೃಹಗಳ ಪರವಾನಗಿ ಶುಲ್ಕವನ್ನು 50 ಡಾಲರಿನಿಂದ 300 ಡಾಲರಿಗೆ ಏರಿಸಿ, ಭಾನುವಾರ ಮುಚ್ಚಿಸಿದಾಗ ಜರ್ಮನ್ ವಲಸಿಗರು ಬೀದಿಗಿಳಿದು ಗಲಭೆಯೇ ಆಯಿತು. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಕೇಂದ್ರ ಸರ್ಕಾರ ಪೀಪಾಯಿಗೆ ಒಂದು ಡಾಲರಿನಂತೆ ಸುಂಕ ಹಾಕಿತು. ಆಮೇಲೆ ಮದ್ಯದ ಸುಂಕ ಖಜಾನೆಯ ಮುಖ್ಯ ಆಧಾರಗಳಲ್ಲಿ ಒಂದಾದ್ದರಿಂದ ಪಾನನಿಷೇಧ ಬಹುಕಾಲ ಬರೀ ಬೇಡಿಕೆಯಾಗಿಯೇ ಉಳಿಯಿತು. 1913ರಲ್ಲಿ ಆದಾಯ ತೆರಿಗೆಗೆ ಸಂವಿಧಾನದ ಒಪ್ಪಿಗೆ ದೊರೆತ ಮೇಲೆ ಆ ತಡೆ ಸಡಿಲವಾಯಿತು. ಮೊದಲನೆಯ ಮಹಾಯುದ್ಧದ ಜರ್ಮನ್ ದ್ವೇಷವೂ ಸೇರಿಕೊಂಡಿತು, ಏಕೆಂದರೆ ಬ್ರೂವರಿಗಳ ಫಲಕಗಳ ಮೇಲಿದ್ದುದೆಲ್ಲ ಜರ್ಮನ್ ಹೆಸರುಗಳು. 1920ರ ಜನವರಿ 17ರಿಂದ, 0.5 ಶೇಕಡಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯವೆಲ್ಲ ಕಾನೂನುಬಾಹಿರವಾಯಿತು. ಕೆಲವು ಬ್ರೂವರಿಗಳು ಐಸ್‌ಕ್ರೀಮ್ ಮಾಡಿದವು, ಕೆಲವು ಮಾಲ್ಟ್ ಪಾಕ ಮಾರಿದವು, ಕೊಲರಾಡೋದ ಕೂರ್ಸ್ ಪಿಂಗಾಣಿ ಮತ್ತು ಮಾಲ್ಟ್ ಬೆರೆತ ಹಾಲಿನ ಮೇಲೆ ಬದುಕಿತು. ಬಹುಪಾಲು ಬಾಗಿಲು ಹಾಕಿದವು.

1933ರ ಏಪ್ರಿಲ್ 7ರಂದು ತೂಕದಲ್ಲಿ 3.2 ಶೇಕಡ ಮದ್ಯಸಾರದ ಬಿಯರ್‌ಗೆ ಅನುಮತಿ ಸಿಕ್ಕಿತು. ಡಿಸೆಂಬರ್ 5ರಂದು ನಿಷೇಧವೇ ರದ್ದಾಯಿತು. ಆದರೆ ಆ ಹದಿಮೂರು ವರ್ಷಗಳಲ್ಲಿ ಒಂದು ತಲೆಮಾರು ಸಿಹಿ ಸೋಡಾಗಳಿಗೆ ಒಗ್ಗಿಹೋಗಿತ್ತು. 1935ರಲ್ಲಿ ಡಬ್ಬಿ ಬಂತು, ಮನೆಮನೆಗೆ ಫ್ರಿಜ್ ಬಂತು, ಟಿ.ವಿ. ಜಾಹೀರಾತು ಬಂತು. ಇವೆಲ್ಲ ದೊಡ್ಡವರ ಪರವಾಗಿದ್ದ ಅನುಕೂಲಗಳು. 1873ರಲ್ಲಿ 4,131 ಬ್ರೂವರಿಗಳಿದ್ದ ದೇಶದಲ್ಲಿ 1970ರ ದಶಕದ ಕೊನೆಗೆ ಉಳಿದದ್ದು ಸುಮಾರು 90. ಅವೆಲ್ಲ ಹೆಚ್ಚುಕಡಿಮೆ ಒಂದೇ ಬಿಯರ್ ಮಾಡುತ್ತಿದ್ದವು: ತಿಳಿ ಹಳದಿ, ಕಹಿ ಇಲ್ಲವೆನ್ನುವಷ್ಟು ಕಡಿಮೆ, ತೀರ ತಣ್ಣಗೆ ಕುಡಿಯಬೇಕಾದದ್ದು. ನಮ್ಮ ಹಿರಿಯರು ಕೇಳಿದ ‘ಅಮೆರಿಕದ ಬಿಯರ್’ ಇದು.

ಈ ಪಾಳಿನಲ್ಲಿ ಮೊದಲು ಚಿಗುರಿದ್ದು ಒಂದು ಹಳೆಯ ಬೇರು. ಚಿನ್ನದ ಆಸೆಗೆ ಜನ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ 1849ರ ನಂತರದ ವರ್ಷಗಳಲ್ಲಿ ಅಲ್ಲಿ ಲಾಗರ್ ಯೀಸ್ಟ್ ಇತ್ತು, ಮಂಜುಗಡ್ಡೆ ಇರಲಿಲ್ಲ. ಬ್ರೂವರ್‌ಗಳು ಅಗಲವಾದ, ಆಳವಿಲ್ಲದ ತೊಟ್ಟಿಗಳಲ್ಲಿ ಕುದಿಸಿದ ಮಾಲ್ಟ್ ರಸವನ್ನು ತಣಿಸಿ, ಲಾಗರ್ ಯೀಸ್ಟನ್ನೇ ಊರಿನ ಸಹಜ ಹವೆಯಲ್ಲಿ ಹುದುಗಿಸಿದರು. ಹಾಗೆ ಹುಟ್ಟಿದ್ದು ‘ಸ್ಟೀಮ್ ಬಿಯರ್’. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಶೈತ್ಯಯಂತ್ರ ಕೆಟ್ಟು, ಲಾಗರ್ ತುಂಬಿದ್ದ ಒಂದು ಟ್ಯಾಂಕ್ ರಾತ್ರಿಯಿಡೀ 20 ಡಿಗ್ರಿಯಲ್ಲಿ ಹುದುಗಿಬಿಟ್ಟಿತು. ಬೆಳಿಗ್ಗೆ ಮಾದರಿ ತೆಗೆದು ಮೂಸಿದರೆ ಬಾಳೆಹಣ್ಣಿನ ವಾಸನೆ. ಮೇಲಿನವರು ಅದನ್ನು ಚರಂಡಿಗೆ ಬಿಡಿಸಿದರು. ಸ್ಯಾನ್ ಫ್ರಾನ್ಸಿಸ್ಕೋದವರು ಅಂಥ ಬೆಚ್ಚನೆಯ ಹುದುಗಿಗೇ ಒಗ್ಗಿದ ಯೀಸ್ಟನ್ನು ಉಳಿಸಿಕೊಂಡು ಅದನ್ನೇ ಒಂದು ಶೈಲಿಯಾಗಿಸಿದ್ದರು. 1896ರಿಂದ ಈ ಬಿಯರ್ ಮಾಡುತ್ತಿದ್ದ ಆಂಕರ್ ಬ್ರೂವರಿ 1965ರಲ್ಲಿ ಇನ್ನೇನು ಮುಚ್ಚಬೇಕು ಎನ್ನುವಾಗ ಫ್ರಿಟ್ಸ್ ಮೇಟ್ಯಾಗ್ ಎಂಬ ಯುವಕ ಅದರ ಬಹುಪಾಲು ಒಡೆತನವನ್ನು ಕೊಂಡು, ವರ್ಷಗಟ್ಟಲೆ ನಷ್ಟ ಅನುಭವಿಸಿ, ಶುಚಿತ್ವದಿಂದ ಹಿಡಿದು ಎಲ್ಲವನ್ನೂ ತಾನೇ ಕಲಿತು ನಿಲ್ಲಿಸಿದ.

ಇನ್ನೊಂದು ಚಿಗುರು 1976ರಲ್ಲಿ ಕಾಣಿಸಿತು. ನೌಕಾಪಡೆಯಲ್ಲಿದ್ದಾಗ ಸ್ಕಾಟ್ಲೆಂಡಿನಲ್ಲಿ ಏಲ್ ರುಚಿ ಕಂಡಿದ್ದ ಜಾಕ್ ಮೆಕಾಲಿಫ್, ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಹಳೆಯ ಡೇರಿ ಪಾತ್ರೆಗಳನ್ನು ಬೆಸುಗೆ ಹಾಕಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಕಟ್ಟಿದ. ಅದು 1982ರವರೆಗಷ್ಟೇ ಬಾಳಿತು. ಆದರೂ ನೋಡಿ ಹೋದವರೆಲ್ಲ ತಾವೂ ಮಾಡಬಹುದೆಂದುಕೊಂಡು ಹಿಂತಿರುಗಿದರು. ಅದೇ 1976ರಲ್ಲಿ ಸಂಸತ್ತು ಸಣ್ಣ ಬ್ರೂವರಿಗಳ ಮೊದಲ 60,000 ಪೀಪಾಯಿಗಳ ಮೇಲಿನ ಸುಂಕವನ್ನು 9 ಡಾಲರಿನಿಂದ 7ಕ್ಕೆ ಇಳಿಸಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ ಇನ್ನೂ ಮಹತ್ತ್ವದ್ದು. 1933ರಲ್ಲಿ ನಿಷೇಧ ಹೋದರೂ ಮನೆಯಲ್ಲಿ ವೈನ್ ಮಾಡಲು ಅವಕಾಶವಿತ್ತೇ ಹೊರತು ಬಿಯರ್‌ಗೆ ಇರಲಿಲ್ಲ. ಹೊಸ ಕಾಯಿದೆಯಂತೆ ಇಬ್ಬರು ವಯಸ್ಕರಿರುವ ಮನೆಯವರು ಮಾರಾಟಕ್ಕಲ್ಲದೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ಸುಂಕವಿಲ್ಲದೆ ಮಾಡಿಕೊಳ್ಳಬಹುದಾಯಿತು. ಮುಂದೆ ಕ್ರಾಫ್ಟ್ ಬ್ರೂವರಿ ತೆರೆದವರಲ್ಲಿ ಎಷ್ಟೋ ಮಂದಿ ಅಡುಗೆಮನೆಯ ಒಲೆಯ ಮೇಲೆ ಕೈ ಪಳಗಿಸಿಕೊಂಡವರು. ಚೀಕೋ ಊರಿನಲ್ಲಿ ಮನೆಬಿಯರ್ ಸಾಮಾನುಗಳ ಅಂಗಡಿ ಇಟ್ಟುಕೊಂಡಿದ್ದ ಕೆನ್ ಗ್ರಾಸ್‌ಮನ್ ತನ್ನ ಸಿಯೆರಾ ನೆವಾಡ ಬ್ರೂವರಿಯಲ್ಲಿ ಮೊದಲ ಬಿಯರ್ ಕಾಯಿಸಿದ್ದು 1980ರ ನವೆಂಬರಿನಲ್ಲಿ. ನೀವು ಕುಳಿತಿದ್ದ ಆರಿಗನ್ ರಾಜ್ಯದಲ್ಲಿ ಬ್ರೂವರಿಯವರೇ ಅಲ್ಲಿಯೇ ಲೋಟಕ್ಕೆ ಹಾಕಿ ಮಾರಬಹುದೆಂಬ ಕಾಯಿದೆಯಾದದ್ದು 1985ರಲ್ಲಿ. ಅದಿಲ್ಲದಿದ್ದರೆ ಆ ಹಲಗೆ ಆ ಗೋಡೆಯ ಮೇಲೆ ಇರುತ್ತಿರಲಿಲ್ಲ.

ಗ್ರಾಸ್‌ಮನ್‌ನ ಪೇಲ್ ಏಲ್ ಅನ್ನು, ಅಂದರೆ ತಿಳಿ ಬಣ್ಣದ ಏಲ್ ಅನ್ನು, ಬ್ರಿಟಿಷ್ ಪೇಲ್ ಏಲ್‌ನಿಂದ ಬೇರೆ ಮಾಡಿದ್ದು ಒಂದು ಹಾಪ್ಸ್ ತಳಿ. ಪೋರ್ಟ್‌ಲೆಂಡಿನಿಂದ ದಕ್ಷಿಣಕ್ಕೆ ಎರಡು ಗಂಟೆಯೊಳಗೆ ತಲುಪಬಹುದಾದ ಕಾರ್ವಾಲಿಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಹಾಪ್ಸ್ ಸಂಶೋಧನೆ ನಡೆಯುತ್ತದೆ. ಅಲ್ಲಿ ಇಂಗ್ಲೆಂಡಿನ ಫಗಲ್ ಮತ್ತು ರಷ್ಯಾದ ಸೆರೆಬ್ರಿಯಾಂಕ ವಂಶಗಳ ಅಡ್ಡತಳಿಯಾಗಿ ಹುಟ್ಟಿ, ಬಹುಕಾಲ 56013 ಎಂಬ ಸಂಖ್ಯೆಯಾಗಿಯೇ ಉಳಿದಿದ್ದ ಗಿಡಕ್ಕೆ 1972ರಲ್ಲಿ ‘ಕ್ಯಾಸ್ಕೇಡ್’ ಎಂದು ಹೆಸರಿಟ್ಟು ರೈತರಿಗೆ ಬಿಡುಗಡೆ ಮಾಡಿದರು. ಒಣಗಿದ ಕ್ಯಾಸ್ಕೇಡ್ ಹೂವೊಂದನ್ನು ಬಿಡಿಸಿ ನೋಡಿದರೆ ಪಕಳೆಗಳ ಬುಡದಲ್ಲಿ ಅರಿಸಿನದಂಥ ಹಳದಿ ಪುಡಿ ಕಾಣುತ್ತದೆ. ಅಂಗೈಗಳ ನಡುವೆ ಇಟ್ಟು ಉಜ್ಜಿದರೆ ಅದು ಜಿಗುಟಾಗಿ ಅಂಟಿ, ದೇವನಹಳ್ಳಿಯ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆಯನ್ನೇ ಬಿಡುತ್ತದೆ. ಎರಡು ಸಲ ಸಾಬೂನು ಹಾಕಿ ತೊಳೆದರೂ ಊಟದ ಹೊತ್ತಿಗೂ ಕೈಯಲ್ಲಿ ಅದೇ ಘಮ. ಮಣ್ಣು, ಒಣಹುಲ್ಲು, ಚಹಾದ ವಾಸನೆಯ ಇಂಗ್ಲಿಷ್ ಹಾಪ್ಸ್‌ಗೆ ಒಗ್ಗಿದ್ದ ಹಳೆಯ ಬ್ರೂವರ್‌ಗಳಿಗೆ ಇದು ಒರಟೆನಿಸಿತ್ತು. ಹೊಸಬರು ಮುಚ್ಚಿಡದೆ ಅದನ್ನೇ ಮೆರೆಸಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊಸ್ತಿಲಲ್ಲಿ ಬ್ರಿಟಿಷ್ ಸೇನೆ ಬರುತ್ತಿದೆಯೆಂದು ಎಚ್ಚರಿಸಿದ ಪಾಲ್ ರಿವಿಯರ್‌ನ ಕುದುರೆ ಸವಾರಿಯ ಇನ್ನೂರನೇ ವರ್ಷದ ನೆನಪಿಗೆ ಆಂಕರ್ 1975ರಲ್ಲಿ ಮಾಡಿದ ಲಿಬರ್ಟಿ ಏಲ್ ಈ ದಾರಿಯ ಮೊದಲ ಹೆಜ್ಜೆ.

ಈಗ ‘ಇಂಡಿಯಾ’ದ ಮಾತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಜಾರ್ಜ್ ಹಾಜ್‌ಸನ್ನನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ತಾಣಕ್ಕೆ ಹತ್ತಿರದಲ್ಲಿತ್ತು. ಕಪ್ತಾನರಿಗೆ ಆತ ಸಾಲಕ್ಕೆ ಬಿಯರ್ ಕೊಡುತ್ತಿದ್ದ. ಅವರು ಅದನ್ನು ಕಲ್ಕತ್ತ, ಮದರಾಸು, ಬೊಂಬಾಯಿಗಳಲ್ಲಿ ಮಾರುತ್ತಿದ್ದರು. ಆಫ್ರಿಕಾದ ತುದಿಯನ್ನು ಸುತ್ತಿ ಬರುವ ತಿಂಗಳುಗಟ್ಟಲೆಯ ಪಯಣದಲ್ಲಿ ಬಿಯರ್ ಹುಳಿಯಾಗದಂತೆ ಹಾಪ್ಸನ್ನು ಹೆಚ್ಚಾಗಿ ಹಾಕುತ್ತಿದ್ದರು, ಏಕೆಂದರೆ ಹಾಪ್ಸ್‌ನ ಕಹಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್ ಮುಂತಾದವರು ಈ ವ್ಯಾಪಾರಕ್ಕೆ ಇಳಿದರು. ಜಿಪ್ಸಮ್ ಬೆರೆತ ಅಲ್ಲಿನ ಗಡಸು ನೀರಿನಲ್ಲಿ ಆ ಕಹಿ ಇನ್ನೂ ಚುರುಕಾಗಿ ಮೂಡಿತು. ಇದನ್ನು ಕುಡಿದವರು ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಮತ್ತು ವರ್ತಕರು. ಸಾಮಾನ್ಯ ಗೋರಾ ಸಿಪಾಯಿಯ ಪಾಲಿಗೆ ಬಂದದ್ದು ಹೆಚ್ಚಾಗಿ ಪೋರ್ಟರ್ ಎಂಬ ಕಪ್ಪು ಬಿಯರ್. ಹೀಗೆ ‘ಇಂಡಿಯಾ’ ಎಂಬುದು ಆ ಬಿಯರ್ ತಲುಪಬೇಕಿದ್ದ ವಿಳಾಸವೇ ವಿನಾ ಹುಟ್ಟಿದ ಊರಲ್ಲ. ಆ ಹೆಸರಿನಲ್ಲಿ ಅಮೆರಿಕದವರು ಇಂದು ಮಾಡುವ ಬಿಯರ್‌ಗೂ ಹಾಜ್‌ಸನ್ನನ ಪೀಪಾಯಿಗೂ ಹಾಪ್ಸ್ ಹೆಚ್ಚು ಎಂಬುದನ್ನು ಬಿಟ್ಟರೆ ಸಂಬಂಧ ತೀರ ತೆಳು. ಒಂದು ತಮಾಷೆಯೆಂದರೆ, ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಆರ್ಬರ್ ಬ್ರೂಯಿಂಗ್ 2012ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆದಾಗ, ಅಮೆರಿಕದ ಬಗೆಯ ಇಂಡಿಯಾ ಪೇಲ್ ಏಲ್ ನಮ್ಮೂರಿಗೇ ಬಂದಂತಾಯಿತು.

ಹಲಗೆಯ ಮೇಲಿದ್ದ ಎಂಟು ಒಂದೇ ಅಲ್ಲ. ‘ವೆಸ್ಟ್ ಕೋಸ್ಟ್’ ಎಂದು ಬರೆದಿದ್ದರೆ ತಿಳಿಯಾಗಿ, ಒಣಗಿದಂತೆ, ಗಟ್ಟಿ ಕಹಿಯಾಗಿ, ಪೈನ್ ಅಂಟಿನ ವಾಸನೆಯಿಂದ ಕೂಡಿರುತ್ತದೆ. ‘ಡಬಲ್’ ಎಂದಿದ್ದರೆ ಮದ್ಯಸಾರ 8 ಶೇಕಡದ ಆಸುಪಾಸು. ಕ್ಯಾಲಿಫೋರ್ನಿಯಾದ ಟೆಮೆಕ್ಯುಲದಲ್ಲಿ ವಿನ್ನಿ ಸಿಲುರ್ಜೊ 1994ರಲ್ಲಿ ಮಾಡಿದ್ದನ್ನು ಈ ಬಗೆಯ ಆರಂಭವೆನ್ನುತ್ತಾರೆ. ‘ಹೇಜಿ’ ಅಥವಾ ‘ನ್ಯೂ ಇಂಗ್ಲೆಂಡ್’ ಎಂದಿದ್ದರೆ, ಅದೇ ನೀವು ವಾಪಸು ಕೊಟ್ಟದ್ದು. ಉಳಿದವುಗಳಲ್ಲಿ ‘ಹೆಫೆವೈಟ್ಸನ್’ ಎಂಬ ಗೋಧಿ ಬಿಯರನ್ನು ಮಬ್ಬಾಗಿಯೇ ಕೊಡುವ ಅಮೆರಿಕದ ರೂಢಿ ಪೋರ್ಟ್‌ಲೆಂಡಿನ ವಿಡ್ಮರ್ ಸಹೋದರರಿಂದ 1986ರಲ್ಲಿ ಶುರುವಾಯಿತು. ‘ಗೋಜ’ ಮುಂತಾದ ಹುಳಿ ಬಿಯರ್‌ಗಳಲ್ಲಿ ಕೆಲಸ ಮಾಡುವುದು ಮೊಸರು ಹೆಪ್ಪುಗಟ್ಟಿಸುವ ಕುಟುಂಬದ್ದೇ ಬ್ಯಾಕ್ಟೀರಿಯಾ. ಪೋರ್ಟರ್, ಸ್ಟೌಟ್‌ಗಳ ಕಪ್ಪು ಹುರಿದ ಮಾಲ್ಟ್‌ನದು. ಕಾಫಿಯ ರುಚಿ ಬಂದರೆ ಅಚ್ಚರಿಪಡಬೇಕಿಲ್ಲ. ‘ಬರ್ಬನ್ ಬ್ಯಾರಲ್’ ಸ್ಟೌಟ್ ಮಾತ್ರ ಅಪ್ಪಟ ಅಮೆರಿಕದ ಕಾಯಿದೆಯ ಕೂಸು: ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಿಸಬೇಕೆಂದು ಅಲ್ಲಿನ ಕಾನೂನು ಹೇಳುವುದರಿಂದ, ಒಮ್ಮೆ ಬಳಸಿದ ಪೀಪಾಯಿಗಳು ರಾಶಿರಾಶಿಯಾಗಿ ಉಳಿಯುತ್ತವೆ. ಷಿಕಾಗೊದ ಗೂಸ್ ಐಲೆಂಡ್ 1990ರ ದಶಕದಲ್ಲಿ ಅವುಗಳಲ್ಲಿ ಸ್ಟೌಟ್ ತುಂಬಿತು.

‘ಕ್ರಾಫ್ಟ್’ ಎಂಬ ಪದ ಮಾತ್ರ ರುಚಿಯನ್ನು ಹೇಳುವುದಿಲ್ಲ, ಒಡೆತನವನ್ನು ಹೇಳುತ್ತದೆ. ಅಲ್ಲಿನ ಬ್ರೂವರ್ಸ್ ಅಸೋಸಿಯೇಷನ್ನಿನ ಲೆಕ್ಕದಲ್ಲಿ ವರ್ಷಕ್ಕೆ 60 ಲಕ್ಷ ಪೀಪಾಯಿ ಮೀರದ, ಬೇರೆ ದೊಡ್ಡ ಮದ್ಯ ಕಂಪನಿಯ ಪಾಲು 25 ಶೇಕಡಕ್ಕಿಂತ ಕಡಿಮೆ ಇರುವ ಬ್ರೂವರಿ ಕ್ರಾಫ್ಟ್. ಒಂದು ಪೀಪಾಯಿಗೆ ಸುಮಾರು 117 ಲೀಟರ್ ಎಂಬುದನ್ನು ನೆನೆದರೆ ಇದು ‘ಸಣ್ಣ’ ಎಂಬ ಮಾತಿಗೆ ಸ್ವಲ್ಪ ದೊಡ್ಡ ಅಂಗಿಯೇ. ಗೂಸ್ ಐಲೆಂಡನ್ನು 2011ರಲ್ಲಿ ಬಡ್‌ವೈಸರ್ ಕಂಪನಿ ಕೊಂಡ ದಿನ ಅದರ ಬಿಯರ್ ಬದಲಾಗಲಿಲ್ಲ, ‘ಕ್ರಾಫ್ಟ್’ ಹೋಯಿತು. 1829ರಷ್ಟು ಹಳೆಯದಾದ ಪೆನ್ಸಿಲ್ವೇನಿಯಾದ ಯಿಂಗ್ಲಿಂಗ್ ಮೆಕ್ಕೆಜೋಳ ಬಳಸುತ್ತಿದ್ದುದರಿಂದ ಹೊರಗುಳಿದಿತ್ತು; 2014ರಲ್ಲಿ ವ್ಯಾಖ್ಯೆ ತಿದ್ದಿದಾಗ ಒಳಗೆ ಬಂತು. ಈಗ ದೇಶದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದರೂ 2024ರಲ್ಲಿ ತೆರೆದವಕ್ಕಿಂತ ಮುಚ್ಚಿದವೇ ಹೆಚ್ಚು. ಆಂಕರ್ ಕೂಡ 2023ರಲ್ಲಿ ಬಾಗಿಲು ಹಾಕಿತು. ಮರುವರ್ಷ ಮೊಸರಿನ ಉದ್ಯಮಿಯೊಬ್ಬರು ಅದನ್ನು ಕೊಂಡಿದ್ದಾರೆ.

ಕೊನೆಗೆ ನಿಮ್ಮ ಲೋಟ. ವರ್ಮಾಂಟ್ ರಾಜ್ಯದ ವಾಟರ್‌ಬರಿಯಲ್ಲಿ ದಿ ಆಲ್ಕೆಮಿಸ್ಟ್ ಎಂಬ ಪಬ್‌ನ ಜಾನ್ ಕಿಮಿಕ್ ಮಾಡುತ್ತಿದ್ದ ‘ಹೆಡಿ ಟಾಪರ್’ ಈ ಬಗೆಯ ಹಿರಿಯಣ್ಣ. 2011ರ ಐರೀನ್ ಚಂಡಮಾರುತದ ನೆರೆ ಆ ಪಬ್ಬನ್ನು ನುಂಗಿದ ಕೆಲವೇ ದಿನಗಳಲ್ಲಿ ಅವರ ಡಬ್ಬಿ ತುಂಬುವ ಘಟಕ ಶುರುವಾಯಿತು. ಡಬ್ಬಿಯಿಂದಲೇ ನೇರವಾಗಿ ಕುಡಿಯಿರಿ ಎಂದು ಅದರ ಮೇಲೆ ಅಚ್ಚು ಹಾಕಿದ್ದರು. ಲೋಟಕ್ಕೆ ಸುರಿಯದಿದ್ದರೆ ಮಬ್ಬು ಕಾಣುವುದೂ ಇಲ್ಲವಷ್ಟೆ. ಈ ಬಗೆಯಲ್ಲಿ ಓಟ್ಸ್ ಮತ್ತು ಗೋಧಿಯನ್ನು ಸೇರಿಸುತ್ತಾರೆ; ಹಾಪ್ಸನ್ನು ಕುದಿಯುವಾಗ ಕಡಿಮೆ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಮತ್ತು ಹುದುಗುವ ಹಂತದಲ್ಲಿ ಕೈತುಂಬ ಹಾಕುತ್ತಾರೆ. ಅದರಿಂದ ಕಹಿ ತಗ್ಗಿ ಮಾವು, ಕಿತ್ತಳೆಗಳ ಪರಿಮಳ ಮೇಲೇಳುತ್ತದೆ. ಧಾನ್ಯದ ಪ್ರೋಟೀನು ಹಾಪ್ಸ್‌ನ ಒಗರಿನ ಅಂಶದೊಡನೆ ಸೇರಿ ಇಳಿಯದ ಮಬ್ಬಾಗುತ್ತದೆ. ಆರು ಸಾಲಿನ ಬಾರ್ಲಿಯ ಯಾವ ಮಬ್ಬನ್ನು ಹೋಗಲಾಡಿಸಲು ಹಿಂದಿನವರು ಅಕ್ಕಿ ಬೇಯಿಸಿದರೋ ಅದನ್ನೇ ಇವರು ಬೇಕೆಂದು ಬರಿಸುತ್ತಾರೆ. 2018ರಲ್ಲಿ ಬ್ರೂವರ್ಸ್ ಅಸೋಸಿಯೇಷನ್ ಇದನ್ನು ಪ್ರತ್ಯೇಕ ಶೈಲಿಯೆಂದು ಪಟ್ಟಿಗೆ ಸೇರಿಸಿತು.

ಆದ್ದರಿಂದ ಬರೀ ಮಬ್ಬನ್ನು ಕಂಡು ವಾಪಸು ಕೊಟ್ಟಿದ್ದರೆ ತಪ್ಪು ನಿಮ್ಮದೇ. ಆದರೆ ಅದರ ಬಣ್ಣ ಹಳದಿಯ ಬದಲು ಮಾಸಲು ಕಂದು ಆಗಿದ್ದರೆ, ಒದ್ದೆ ರಟ್ಟಿನ ವಾಸನೆಯೋ ಬೆಣ್ಣೆಯ ವಾಸನೆಯೋ ಬಂದಿದ್ದರೆ, ವಾಪಸು ಕೊಡಲು ನಿಮಗೆ ಪೂರ್ತಿ ಹಕ್ಕಿದೆ. ಈ ಬಗೆ ಗಾಳಿ ತಗುಲಿದರೆ ಬಹು ಬೇಗ ಹಾಳಾಗುತ್ತದೆ. ಡಬ್ಬಿಯಲ್ಲಿ ಕೊಳ್ಳುವುದಾದರೆ ತಳದಲ್ಲಿರುವ ತಯಾರಿಕೆಯ ದಿನಾಂಕ ನೋಡಿ, ಎರಡು ತಿಂಗಳು ದಾಟಿದ್ದರೆ ಬಿಡಿ. ಮುಂದಿನ ಸಲ ಅಳಿಯಂದಿರೊಡನೆ ಹೋದಾಗ ದೊಡ್ಡ ಲೋಟದ ಬದಲು ನಾಲ್ಕು ಸಣ್ಣ ಲೋಟಗಳ ತಟ್ಟೆ ಕೇಳಿ: ಮೊದಲು ಪಿಲ್ಸ್‌ನರ್, ಆಮೇಲೆ ಪೇಲ್ ಏಲ್, ಮೂರನೆಯದಾಗಿ ಆ ಮಬ್ಬಿನದು, ಕೊನೆಗೆ ಸ್ಟೌಟ್. ಈ ಕ್ರಮವನ್ನು ತಿರುಗಿಸಬೇಡಿ, ಸ್ಟೌಟ್ ಕುಡಿದ ನಾಲಿಗೆಗೆ ಪಿಲ್ಸ್‌ನರ್ ನೀರೆನಿಸುತ್ತದೆ.